ನಿಂತಲ್ಲಿ ನಡುಗಿದರೆ ಟರ್ಬೊ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?

ಭಾವನ ಹಳೇ ಸ್ಕೋಡಾ ಆಕ್ಟೇವಿಯಾ ಕಾರು ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. 2005ರ ಗಾಡಿ, 1.8 ಲೀಟರ್ ಟರ್ಬೊ ಪೆಟ್ರೋಲ್. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ. ಹಾಸನದ ಒಂದು ಗ್ಯಾರೇಜಿನವರು ಅದಕ್ಕೆ ಕೊಟ್ಟ ಎಸ್ಟಿಮೇಟ್ ಇವತ್ತು ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಗಾಡಿಯ ಕಾಯಿಲೆ ಇಷ್ಟು. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗಲ್ಲ, ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕು. ಆದಮೇಲೆ ನಿಂತಲ್ಲೇ ನಡುಗುತ್ತದೆ. ಆರ್‌ಪಿಎಂ ಮುಳ್ಳು 500ಕ್ಕೆ ಇಳಿಯುತ್ತದೆ, 1000ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಸಿಗ್ನಲ್‌ನಲ್ಲಿ ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ರೋಡಿಗೆ ಬಿಟ್ಟರೆ ಮಾತ್ರ ಚೆನ್ನಾಗೇ ಓಡುತ್ತದೆ. ಇಷ್ಟು ಕೇಳಿ, ಬಾನೆಟ್ ಎತ್ತಿ ನೋಡಿ, "ಟರ್ಬೊ ಹೋಗಿದೆ ಸಾರ್, ಬಿಚ್ಚಿ ರೀಕಂಡೀಷನ್ ಮಾಡ್ಬೇಕು" ಅಂದರಂತೆ.

ಪರೀಕ್ಷೆ ಮಾಡಿ ಹೇಳಿದ್ದಾ? ಇಲ್ಲ. ಟರ್ಬೊಗೆ ಗಾಳಿ ಹೋಗುವ ಪೈಪಿನ ಕ್ಲ್ಯಾಂಪ್ ಮೇಲೆ ಧೂಳು, ಎಣ್ಣೆ ಸೇರಿ ಕರಿ ಪದರ ಗಟ್ಟಿಯಾಗಿ ಕೂತಿತ್ತು. ಸ್ಕ್ರೂ ತಲೆಯ ಗೀರು ಕೂಡ ಮುಚ್ಚಿಹೋಗಿತ್ತು. ಯಾರೂ ಅದನ್ನು ಮುಟ್ಟೇ ಇಲ್ಲ. ಆ ಪೈಪ್ ತೆಗೆದು, ಒಳಗಿನ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಆಟ ಎಷ್ಟಿದೆ ಅಂತ ಕೈಗೇ ಗೊತ್ತಾಗುತ್ತದೆ. ಅಷ್ಟೂ ಮಾಡದೆ ಟರ್ಬೊ ಹೋಗಿದೆ ಅನ್ನೋದು ಹೇಗೆ?

ಟರ್ಬೊ ಹೋದರೆ ಅದರ ಲಕ್ಷಣವೇ ಬೇರೆ. ನೀಲಿ ಹೊಗೆ ಬರುತ್ತದೆ, ಸಿಳ್ಳೆಯಂಥ ಸದ್ದು ಬರುತ್ತದೆ, ಆಯಿಲ್ ಕಡಿಮೆಯಾಗುತ್ತದೆ, ಏರು ಹತ್ತುವಾಗ ಪಿಕಪ್ ಇರಲ್ಲ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ನೆ ಓಡುತ್ತಿರುವಾಗ, ಟರ್ಬೊಗೆ ಕೆಲಸವೇ ಇಲ್ಲ ಕಣ್ರೀ. ಸೈಲೆನ್ಸರ್ ಕಡೆ ಹೋಗುವ ಗ್ಯಾಸ್ ಅದನ್ನು ತಿರುಗಿಸಬೇಕು, ಐಡಲ್‌ನಲ್ಲಿ ಆ ಗ್ಯಾಸಿಗೆ ಅಷ್ಟು ಬಲವೇ ಇರಲ್ಲ. ಲೋಡ್ ಬಿದ್ದಾಗ ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಚಕ್ರ ಆಗ ಸುಮ್ನೆ ತಿರುಗುತ್ತಿರುತ್ತದೆ, ಒತ್ತಡ ಕಟ್ಟುವುದೇ ಇಲ್ಲ. ಹಾಗಾಗಿ ನಿಂತಾಗ ನಡುಗಿ ಓಡುವಾಗ ಸರಿಹೋಗುವ ಗಾಡಿಯಲ್ಲಿ ಟರ್ಬೊ ಮೇಲೆ ಅನುಮಾನ ಕೊನೆಗೆ ಬರಬೇಕು.

ಗಾಡಿಯ ಕಂಪ್ಯೂಟರ್ ಏನು ಹೇಳುತ್ತೆ ಅಂತ ಓದುವ ನನ್ನ ಸಣ್ಣ ಸ್ಕ್ಯಾನರ್ ಹಾಕಿದೆ. ಪಿ0171 ಕೋಡ್ ಇತ್ತು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ ಅರ್ಥ. ಅದು ಯಾವ ಪಾರ್ಟ್ ಹಾಳಾಗಿದೆ ಅಂತ ಹೇಳಲ್ಲ, ಹುಡುಕಲು ದಾರಿ ತೋರಿಸುತ್ತದೆ ಅಷ್ಟೇ. ಲೈವ್ ಡೇಟಾ ನೋಡಿದೆ. ಐಡಲ್‌ನಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಶೇ. 20ಕ್ಕಿಂತ ಜಾಸ್ತಿ ಪೆಟ್ರೋಲ್ ಸೇರಿಸುತ್ತಾ ಒದ್ದಾಡುತ್ತಿತ್ತು. ಆಕ್ಸಿಲರೇಟರ್ ಒತ್ತಿ 2500ಕ್ಕೆ ಏರಿಸಿದರೆ ಅದು ಶೇ. 5ರ ಹತ್ತಿರ ಬಂತು. ಇದೊಂದೇ ಸಾಕು. ಒಳಬರುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಕಣ್ಣು ತಪ್ಪಿಸಿ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಕಳ್ಳಗಾಳಿಯ ಪಾಲು ದೊಡ್ಡದು. ಸ್ಪೀಡ್ ಏರಿದಾಗ ಆ ಪಾಲು ಲೆಕ್ಕಕ್ಕೇ ಸಿಗಲ್ಲ. ಪಂಪ್ ಅಥವಾ ಫ್ಯೂಯಲ್ ಫಿಲ್ಟರ್ ತೊಂದರೆಯಾಗಿದ್ದರೆ ಉಲ್ಟಾ ಆಗುತ್ತಿತ್ತು, ಲೋಡ್ ಏರಿದಷ್ಟೂ ಜಾಸ್ತಿ ಆಗುತ್ತಿತ್ತು.

ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೈ ಹಾಕಿದೆ. ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ, ಆವಿ ಎಳೆಯುವ ಬ್ರೀದರ್ ಹೋಸ್ ಆಯಿಲ್ ಕುಡಿದು ಕೊಳೆತ ಬಾಳೆಹಣ್ಣಿನ ಸಿಪ್ಪೆ ಥರ ಮೆತ್ತಗಾಗಿತ್ತು. ಮೇಲಿಂದ ನೋಡಿದರೆ ಏನೂ ಕಾಣಲ್ಲ. ತಳದಲ್ಲಿ ಬೆರಳುದ್ದ ಸೀಳು. ಹೆಬ್ಬೆರಳಲ್ಲಿ ಅದನ್ನು ಒತ್ತಿ ಹಿಡಿದೆ. ಮುಳ್ಳು 800ರ ಹತ್ತಿರ ಬಂದು ನಿಂತಿತು. ಭಾವ ಡ್ರೈವರ್ ಸೀಟಿನಿಂದ "ಏನು ಮಾಡಿದೆ? ಏನು ಮಾಡಿದೆ?" ಅಂತ ಕೂಗಿದರು.

ಬೆಲೆಯಲ್ಲಿ ಈ ರಬ್ಬರ್ ತುಂಡು ಎಲ್ಲಿ, ಟರ್ಬೊ ರೀಕಂಡೀಷನ್ ಎಲ್ಲಿ! ಅದನ್ನು ಮಾಡಿಸಿದ್ದರೂ ಗಾಡಿ ನಡುಗುತ್ತಲೇ ಇರುತ್ತಿತ್ತು. ಆಮೇಲೆ ಕಿಡಿ ಕೊಡುವ ಕಾಯಿಲ್ ಹೋಗಿದೆ ಅನ್ನುತ್ತಿದ್ದರು, ಆಮೇಲೆ ಇಂಜೆಕ್ಟರ್, ಕೊನೆಗೆ ಇಸಿಯು. ಒಂದೊಂದಕ್ಕೂ ಬಿಲ್. ಅಷ್ಟರಲ್ಲಿ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಶುರುವಾದರೆ ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ತಿನ್ನುತ್ತದೆ.

ನಾನು ಸರ್ವಿಸ್ ಅಡ್ವೈಸರ್ ಕೆಲಸ ಯಾಕೆ ಬಿಟ್ಟೆ ಅಂತ ಕೆಲವರು ಕೇಳಿದ್ದಿರಿ, ಇಲ್ಲಿವರೆಗೆ ಸರಿಯಾಗಿ ಹೇಳಿರಲಿಲ್ಲ. ಇದಕ್ಕೇ ಬಿಟ್ಟೆ. ತಿಂಗಳಿಗೆ ಇಷ್ಟು ಪಾರ್ಟ್ಸ್ ಹೋಗಲೇಬೇಕು ಅಂತ ಟಾರ್ಗೆಟ್. ಎಷ್ಟು ಕಾಯಿಲೆ ಕಂಡುಹಿಡಿದಿರಿ ಅಂತ ಯಾರೂ ಕೇಳುತ್ತಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ ನನಗೆ.

ಗ್ಯಾರೇಜಿನವರ ಕಷ್ಟವೂ ಇದೆ ಅನ್ನುತ್ತೀರಿ. ಗಂಟೆಗಟ್ಟಲೆ ಹುಡುಕಿದರೆ ಗಿರಾಕಿ ದುಡ್ಡು ಕೊಡಲ್ಲ, ಪಾರ್ಟ್ ಬದಲಿಸಿದರೆ ಕೊಡುತ್ತಾನೆ. ನಿಜ ಇರಬಹುದು. ಹಾಗಾದರೆ ಬಾಯಿಬಿಟ್ಟು ಕೇಳಿ! "ಹುಡುಕೋಕೆ ಇಷ್ಟು ಆಗುತ್ತೆ" ಅಂತ ಹೇಳಿ, ನಾನು ಖುಷಿಯಾಗಿ ಕೊಡುತ್ತೇನೆ. ಅದನ್ನು ಕೇಳದೆ ಚೆನ್ನಾಗಿರುವ ಟರ್ಬೊ ಬಿಚ್ಚುವುದಕ್ಕೆ ಗಿರಾಕಿಯ ಜಿಪುಣತನ ನೆಪವಾಗಲ್ಲ.

ಸದ್ಯಕ್ಕೆ ಸೀಳಿಗೆ ರಬ್ಬರ್ ಟೇಪ್ ಸುತ್ತಿದ್ದೇನೆ, ಹೊಸ ಹೋಸ್ ಬೆಂಗಳೂರಿನ ಜೆಸಿ ರೋಡಿನಿಂದ ಬರಬೇಕು. ಸ್ಟಾರ್ಟಿಂಗ್ ಟ್ರಬಲ್ ಪೂರ್ತಿ ಇದರಿಂದಲೇನಾ ಅನ್ನೋದು ನಾಳೆ ಬೆಳಿಗ್ಗೆ ನೋಡಬೇಕು. ಸೆಲ್ಫ್ ಹೊಡೆಯುವ ಮೊದಲು ಕೀ ಆನ್ ಮಾಡಿ ಕೂಲೆಂಟ್ ಟೆಂಪರೇಚರ್ ಮತ್ತು ಒಳಬರುವ ಗಾಳಿಯ ಟೆಂಪರೇಚರ್ ಎರಡನ್ನೂ ನೋಡುತ್ತೇನೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ತಣ್ಣಗಿರುವ ಎಂಜಿನ್ನಿಗೆ ಸೆನ್ಸರ್ 80 ಡಿಗ್ರಿ ಅಂದರೆ ಇಸಿಯು ಬೇಕಾದಷ್ಟು ಪೆಟ್ರೋಲ್ ಕೊಡಲ್ಲ. ಅದು ಸರಿಯಿದ್ದರೆ ಆಮೇಲೆ ಫ್ಯೂಯಲ್ ಪ್ರೆಶರ್ ನೋಡೋಣ, ರಾತ್ರಿ ಇಳಿದುಹೋಗುತ್ತಿದೆಯಾ ಅಂತ.

ಬೇರೆ ಹೋಸ್‌ಗಳ ಮೇಲೂ ನನಗೆ ನಂಬಿಕೆ ಇಲ್ಲ. ಹಾಸನ, ಚಿಕ್ಕಮಗಳೂರು ಕಡೆ ಹೊಗೆ ಬಿಟ್ಟು ಲೀಕ್ ಹುಡುಕುವ ಮಿಷನ್ ಇರುವ ಗ್ಯಾರೇಜ್ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ಭಾವ ಶನಿವಾರ ಅಲ್ಲಿಗೆ ಗಾಡಿ ತರುತ್ತಾರೆ.