ಗೂಡಿನ ಬಾಗಿಲು ಹಾಕೋರು ಯಾರು?

ನಿನ್ನೆ ಸಂಜೆ ಮತ್ತೆ ಅದೇ ಆಯಿತು. ಕೋಳಿಗಳೇನೋ ಹೊತ್ತು ಮುಳುಗುವ ಮೊದಲೇ ತಾವಾಗಿ ಗೂಡು ಸೇರಿದ್ದವು. ಕತ್ತಲಲ್ಲಿ ಅವಕ್ಕೆ ಸರಿಯಾಗಿ ಕಣ್ಣು ಕಾಣುವುದಿಲ್ಲ ನೋಡಿ, ಆ ವಿಷಯದಲ್ಲಿ ಬಹಳ ಶಿಸ್ತು. ಬಾಗಿಲು ಮಾತ್ರ ಹಾರೊಡೆದಿತ್ತು. ಅಪ್ಪ ಟೀವಿ ಮುಂದೆ, ತಮ್ಮ ಮೊಬೈಲ್ ಹಿಡಿದು ಕಟ್ಟೆ ಮೇಲೆ, ಅವ್ವ ರೊಟ್ಟಿ ಹಂಚಿನ ಮುಂದೆ. ತಿಪ್ಪೆ ಹತ್ತಿರ ಒಂದು ಬೆಕ್ಕು ಕೂತಿತ್ತು, ಅದಕ್ಕೂ ಏನೂ ಅವಸರ ಇರಲಿಲ್ಲ. ಎದ್ದು ಹೋಗಿ ಅಗಳಿ ಹಾಕಿದ್ದು ನಾನು. ಯಾವಾಗಲೂ ನಾನೇ.

ಹಾಗಂತ ಮನೆಯಲ್ಲಿ ಕೋಳಿ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ ಅಂದುಕೊಳ್ಳಬೇಡಿ. ಮಾತಾಡಲು ಎಲ್ಲರೂ ತಯಾರು. ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ, ಈಗ ಕಣದ ತುಂಬ ಮೆಣಸಿನಕಾಯಿ ಹರವಿದೆ. ಕೋಳಿ ನುಗ್ಗಿದರೆ ಏನು ಗತಿ ಅಂತ ಕೇಳಿದ್ದಕ್ಕೆ ಅಪ್ಪ, 'ಒಂದ್ಸಲ ಕುಕ್ಕಿದ್ರ ಸಾಕು, ಖಾರ ಹತ್ತಿ ಮತ್ತ ಈ ಕಡೆ ಹಾಯಂಗಿಲ್ಲ' ಅಂದರು. ಹಕ್ಕಿಗಳಿಗೆ ಮೆಣಸಿನಕಾಯಿ ಖಾರ ಹತ್ತುವುದೇ ಇಲ್ಲ. ಹತ್ತುವಂತಿದ್ದರೂ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅವು ಕಾಲಲ್ಲಿ ಕೆದರಿ, ಸಿಪ್ಪೆ ಸೀಳಿ, ಬೀಜ ಹೆಕ್ಕಿ, ಹೋಗುವಾಗ ಮೇಲೊಂದಿಷ್ಟು ಹಿಕ್ಕೆ ಹಾಕಿ ಹೋದವು. 'ಇವು ಬ್ಯಾರೇ ನಮೂನಿ ಕೋಳಿ' ಅಂದರು ಅಪ್ಪ, ಟೀವಿಯಿಂದ ಕಣ್ಣು ತೆಗೆಯದೆ.

ಬೇರೆ ನಮೂನೆ ಅನ್ನುವುದು ಒಂದರ್ಥದಲ್ಲಿ ನಿಜ, ಮತ್ತು ಜಗಳ ಶುರುವಾಗಿದ್ದೂ ಅಲ್ಲಿಂದಲೇ. ತಮ್ಮ ತಂದಿದ್ದು ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾಡಿದ ತಳಿ, ಮೈಕಟ್ಟು ದೊಡ್ಡದು, ತತ್ತಿಯೂ ಜಾಸ್ತಿ. ಅದಕ್ಕೆ ಸರಿಯಾಗಿ ಅವ್ವ ತವರಿಂದ ಒಂದು ಜವಾರಿ ಹೇಂಟೆಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಬಸ್ಸಿನಲ್ಲಿ ತಂದಳು. ಅದು ಸಣ್ಣದು, ಸಿಟ್ಟಿನದು, ಬೇಕೆನಿಸಿದಾಗಷ್ಟೇ ತತ್ತಿ ಇಡುತ್ತದೆ. ತಮ್ಮ ನಗುತ್ತಿದ್ದ. ಆಮೇಲೆ ಒಂದು ದಿನ ಅದು ಮೇವಿನ ಬಣವೆ ಸಂದಿಯಲ್ಲಿ ಕಾವಿಗೆ ಕೂತಿತು. ಗಿರಿರಾಜ ಹೇಂಟೆಗಳಿಗೆ ತತ್ತಿ ಇಡುವುದಷ್ಟೇ ಗೊತ್ತು, ಕಾವಿಗೆ ಕೂರುವ ಬುದ್ಧಿಯೇ ಇಲ್ಲ. ಇಟ್ಟು, ಊರಿಗೆಲ್ಲ ಕೇಳುವಂತೆ ಕೂಗಿ, ಮೇಯಲು ಹೋಗುತ್ತವೆ. ಅವ್ವ ಅವುಗಳ ತತ್ತಿಯನ್ನೇ ಆಯ್ದು ಜವಾರಿ ಹೇಂಟೆ ಕೆಳಗೆ ಇಟ್ಟಳು. ಇಡುವಾಗ ಅದು ಕೈಗೆ ಕುಕ್ಕಿತು, ಬೈಯಲಿಲ್ಲ. ಬೈದಿದ್ದು ತಮ್ಮನಿಗೆ: 'ಹಡೆಯೋದು ನಿನ್ನ ಬೆಂಗಳೂರಾಕಿ, ಬಾಣಂತನ ಮಾಡೋದು ನಮ್ಮಾಕಿ!'

ಕಾವು 21 ದಿನ. ಅಷ್ಟೂ ದಿನ ನಮ್ಮ ಮನೆ ಹೆರಿಗೆ ವಾರ್ಡ್ ಆಗಿತ್ತು. ಅವ್ವ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು. ಹೇಂಟೆ ದಿನಕ್ಕೊಮ್ಮೆ ಎದ್ದು ಬರುವ ಹೊತ್ತಿಗೆ ಸರಿಯಾಗಿ ಜೋಳದ ನುಚ್ಚು, ನೀರು. ಅಪ್ಪ ಟೀವಿ ಸೌಂಡು ಜೋರು ಮಾಡಿದರೆ ಬೈಗುಳ. ತಮ್ಮ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಒಂದೊಂದೇ ತತ್ತಿ ಹಿಡಿದು ಒಳಗಿನ ಕೆಂಪು ನರ ತೋರಿಸುತ್ತಿದ್ದ. ಜೇಡನ ಬಲೆಯಂಥ ಎಳೆಗಳು, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕಾಡುತ್ತಿತ್ತು. ಅದನ್ನು ನೋಡಲು ಓಣಿಯ ಅರ್ಧ ಜನ ಬಂದರು, ಚಹಾ ಕುಡಿದರು. ಚಹಾ ಮಾಡಿದ್ದು ಯಾರು ಅಂತ ಬೇರೆ ಹೇಳಬೇಕಾ?

ಮರಿ ಬಂದ ಮೇಲೆ ಹುಬ್ಬಳ್ಳಿಯ ನೆಂಟರ ಫೋನ್ ಜಾಸ್ತಿಯಾಗಿದೆ. 'ಜವಾರಿ ತತ್ತಿ ಇದ್ರ ತಗದಿಡ್ರಿ, ಕಂದು ಬಣ್ಣದ್ದ ಬೇಕು.' ಸಿಪ್ಪೆಯ ಬಣ್ಣ ತಳಿಯಿಂದ ಬರುವುದು, ಒಳಗಿನ ಸತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಈಗ ಹೇಳುವುದನ್ನೇ ಬಿಟ್ಟಿದ್ದೇನೆ. ಗಿರಿರಾಜದ ಕಂದು ತತ್ತಿ ಕೊಡುತ್ತೇವೆ, ತಿಂದು 'ಜವಾರಿ ರುಚಿನ ಬ್ಯಾರೆ' ಅನ್ನುತ್ತಾರೆ. ಅವ್ವ ಸುಮ್ನೆ ತಲೆಯಾಡಿಸುತ್ತಾಳೆ.

ಮರಿಗಳು ಯಾರವು ಎಂಬ ವಾದ ಇನ್ನೂ ಮುಗಿದಿಲ್ಲ. ಅಷ್ಟರಲ್ಲೇ ತಮ್ಮ ಟರ್ಕಿ ಕೋಳಿ ತರುವ ಮಾತೆತ್ತಿದ್ದಾನೆ. ಅವ್ವ ಬೈಯುತ್ತಾಳೆ ಅಂತ ಕಾದೆ. ಅವಳು ರೇಟ್ ಕೇಳಿದಳು.