ಎರಡನೇ ಬ್ಯಾಟರಿ ಯಾರ ಮನೆಯಲ್ಲಿ ಚಾರ್ಜ್ ಆಗಬೇಕು?

ತೈವಾನಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ‘ರಾತ್ರಿ ಚಾರ್ಜಿಗೆ ಹಾಕಿದ್ಯಾ?’ ಅನ್ನೋ ಚಿಂತೆಯೇ ಇಲ್ಲ. ಸೀಟಿನ ಕೆಳಗೆ ಎರಡು ಬ್ಯಾಟರಿ ಇರುತ್ತವೆ. ಎರಡೂ ಓಡಿಸುವವರದ್ದಲ್ಲ, ಬಾಡಿಗೆಯವು. ಹಾಸನದಲ್ಲಿ ನನ್ನ ತಮ್ಮನ ಗಾಡಿಯಲ್ಲೂ ಎರಡು ಬ್ಯಾಟರಿ ಇವೆ. ಅವೆರಡೂ ಅವನದ್ದೇ, ಚಾರ್ಜ್ ಮಾಡೋ ಕೆಲಸವೂ ಅವನದ್ದೇ. ನಾನಿರುವುದು ತೈವಾನಿನ ಶಿಂಚು ಎಂಬ ಊರಿನಲ್ಲಿ, ಚಿಪ್ ಕಂಪನಿಗಳ ನಡುವೆ. ಫೋನಿನಲ್ಲಿ ನಮ್ಮಿಬ್ಬರ ಮಾತು ಎಲ್ಲಿಂದ ಶುರುವಾದರೂ ಗಾಡಿಗೆ ಬಂದು ನಿಲ್ಲುತ್ತದೆ. ಇಲ್ಲಿದ್ದುಕೊಂಡೂ ನಾನು ತಮ್ಮನ ಕಡೆಯೇ. ನಮ್ಮ ಊರುಗಳಿಗೆ ಸ್ವಂತ ಬ್ಯಾಟರಿ, ಮನೆಯ ಪ್ಲಗ್ಗೇ ಸರಿ. ಆದರೆ ಎರಡನೇ ಬ್ಯಾಟರಿಯನ್ನು ನಮ್ಮವರು ಯಾವುದಕ್ಕೆ ಅಂತ ಕೊಳ್ಳುತ್ತಾರೋ, ಅದರ ಅಸಲು ಉಪಯೋಗ ಅದಲ್ಲ.

ಮೊದಲು ಇಲ್ಲಿನ ಪದ್ಧತಿ ಹೇಳಿಬಿಡ್ತೀನಿ. ತೈವಾನಿನ ಜನಸಂಖ್ಯೆ ಸುಮಾರು 2.3 ಕೋಟಿ, ದ್ವಿಚಕ್ರ ವಾಹನಗಳು ಸುಮಾರು 1.4 ಕೋಟಿ. ಜನ ಇರುವುದು ಹಳೇ ಫ್ಲ್ಯಾಟುಗಳಲ್ಲಿ, ಗಾಡಿ ನಿಲ್ಲುವುದು ರಸ್ತೆ ಬದಿಯಲ್ಲಿ. ಅಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಇಲ್ಲಿ ಮನೆಗೆ ಬರುವ ಕರೆಂಟ್ 110 ವೋಲ್ಟ್. ಗೊಗೊರೊ ಕಂಪನಿ 2015ರಲ್ಲಿ ಬ್ಯಾಟರಿ ಬದಲಿಸುವ ಯಂತ್ರಗಳನ್ನು ತಂದು ನಿಲ್ಲಿಸಿತು. ಈಗ ಅಂಥವು 2,000ಕ್ಕೂ ಹೆಚ್ಚು ಜಾಗಗಳಲ್ಲಿವೆ. ದಿನಸಿ ಅಂಗಡಿಯ ಮುಂದೆ, ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಯಮಹಾದಂಥ ಬೇರೆ ಕಂಪನಿಯ ಕೆಲವು ಗಾಡಿಗಳಿಗೂ ಅದೇ ಬ್ಯಾಟರಿ ಆಗುತ್ತದೆ.

ಬದಲಿಸುವುದನ್ನು ನೋಡಬೇಕು ನೀವು. ಸೀಟು ಎತ್ತಿ, ಹಿಡಿಕೆ ಹಿಡಿದು ಎರಡೂ ಬ್ಯಾಟರಿ ಹೊರಗೆಳೆಯಬೇಕು. ಒಂದೊಂದೂ ಸುಮಾರು 9 ಕೆ.ಜಿ. ಖಾಲಿ ಗೂಡುಗಳಿಗೆ ತಳ್ಳಿದರೆ ಆಯ್ತು. ಕಾರ್ಡ್ ಬೇಡ, ಪಾಸ್‌ವರ್ಡ್ ಬೇಡ. ಬ್ಯಾಟರಿಯೇ ತಾನು ಯಾರ ಲೆಕ್ಕದ್ದು ಅಂತ ಯಂತ್ರಕ್ಕೆ ಹೇಳಿಬಿಡುತ್ತದೆ. ತುಂಬಿದ ಎರಡು ಇನ್ನೆರಡು ಗೂಡಿನಿಂದ ಮುಂದಕ್ಕೆ ಬರುತ್ತವೆ. ಸೀಟು ಮುಚ್ಚಿ ಹೊರಟುಬಿಡಬಹುದು. ಹೆಲ್ಮೆಟ್ ತೆಗೆಯುವವರೂ ಕಡಿಮೆ.

ಇದರಲ್ಲಿ ನನಗೆ ಇಷ್ಟವಾದದ್ದು ವೇಗವಲ್ಲ. ಚಾರ್ಜಿಂಗ್ ಒಬ್ಬರ ಕೈಯಲ್ಲಿರುವುದರಿಂದ ಅದಕ್ಕೊಂದು ಲಗಾಮು ಇದೆ. 2024ರ ಏಪ್ರಿಲ್ 3ರಂದು ಹುವಾಲಿಯೆನ್‌ನಲ್ಲಿ ದೊಡ್ಡ ಭೂಕಂಪವಾಗಿ ವಿದ್ಯುತ್ ಘಟಕಗಳು ಕೈಕೊಟ್ಟಾಗ, ಇಂಥ ನೂರಾರು ಕೇಂದ್ರಗಳು ಕೆಲವೇ ಸೆಕೆಂಡುಗಳಲ್ಲಿ ಕರೆಂಟ್ ಎಳೆಯುವುದನ್ನು ನಿಲ್ಲಿಸಿ ಗ್ರಿಡ್ಡಿನ ಹೊರೆ ಇಳಿಸಿದವು. ಮನೆಮನೆಯ ಚಾರ್ಜರ್‌ಗಳಿಂದ ಇವತ್ತಿಗೆ ಅದು ಆಗದ ಮಾತು. ಹಾಗಂತ ಪುಕ್ಕಟೆಯೇನಲ್ಲ. ಗಾಡಿ ಓಡಲಿ ಬಿಡಲಿ, ತಿಂಗಳ ಪ್ಲಾನಿನ ದುಡ್ಡು ಕಟ್ಟಲೇಬೇಕು. ಊರಿಗೆ ಅಂತ ತಿಂಗಳು ರಜೆ ಹಾಕುವ ನಮ್ಮಂಥವರಿಗೆ ಅದು ಉರಿಯುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಬದಲಿಸುವ ಪದ್ಧತಿ ಕರ್ನಾಟಕಕ್ಕೆ ಬಂದಿಲ್ಲ ಅಂತೇನಿಲ್ಲ. 2024ರ ನವೆಂಬರಿನಲ್ಲಿ ಹೋಂಡಾ ಆಕ್ಟಿವಾದ ಎಲೆಕ್ಟ್ರಿಕ್ ಗಾಡಿ ತೋರಿಸಿದಾಗ ಅದರಲ್ಲಿ ಇದ್ದದ್ದು ಇದೇ ಲೆಕ್ಕ. 1.5 ಕಿಲೋವ್ಯಾಟ್ ಅವರ್‌ನ (ಒಂದು ಕಿಲೋವ್ಯಾಟ್ ಅವರ್ ಅಂದರೆ ಒಂದು ಯೂನಿಟ್ ಕರೆಂಟ್) ಎರಡು ಬ್ಯಾಟರಿ, ಬದಲಿಸಿಕೊಳ್ಳಲು ಕೇಂದ್ರಗಳು. ಮನೆಯಲ್ಲಿ ಚಾರ್ಜ್ ಮಾಡುವ ದಾರಿ ಮಾತ್ರ ಇರಲಿಲ್ಲ. ಗಾಡಿ ತಯಾರಾದದ್ದು ಕೋಲಾರದ ಹತ್ತಿರದ ನರಸಾಪುರದಲ್ಲಿ. ಆದರೆ ಕೇಂದ್ರಗಳಿಲ್ಲದ ಊರಿನವನಿಗೆ ಅದು ಬರೀ ಚೆಂದದ ಗಾಡಿ. ಬೆಂಗಳೂರಿನಲ್ಲಿ ನಡೆಯಬಹುದಾದ ಲೆಕ್ಕ ಅರಸೀಕೆರೆಯಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ಇರುವುದು ಏನು? ಸಣ್ಣ ಊರುಗಳಲ್ಲಿ ಬಿಡಿ ಮನೆ, ಮುಂದೆ ಗೇಟು, ಗೇಟಿನೊಳಗೆ ಗಾಡಿ, ಗೋಡೆಯಲ್ಲಿ 230 ವೋಲ್ಟಿನ ಪ್ಲಗ್. ಇಷ್ಟು ಅನುಕೂಲ ಶಿಂಚುವಿನಲ್ಲಿ ಲಕ್ಷಗಟ್ಟಲೆ ಸಂಬಳದವರಿಗೂ ಸಿಗೋದು ಕಷ್ಟ. ಎರಡೂ ಸೇರಿ 4 ಕಿಲೋವ್ಯಾಟ್ ಅವರ್‌ನ ಬ್ಯಾಟರಿ ತುಂಬಲು, ಚಾರ್ಜರ್ ನುಂಗುವುದೂ ಸೇರಿ ಸುಮಾರು ನಾಲ್ಕೂವರೆ ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಅಂದ್ಕೊಂಡ್ರೂ 27 ರೂಪಾಯಿ. ಅಗ್ಗವೇ.

ಆದರೆ ಇಲ್ಲೊಂದು ಗೃಹಜ್ಯೋತಿಯ ಲೆಕ್ಕವಿದೆ, ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. 2023ರಿಂದ ಮನೆಗಳಿಗೆ ಉಚಿತವಾಗಿ ಸಿಗುತ್ತಿರುವುದು ಸಾರಾಸಗಟಾಗಿ 200 ಯೂನಿಟ್ ಅಲ್ಲ. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಕೊಟ್ಟದ್ದು. ದಿನ ಬಿಟ್ಟು ದಿನ ಎರಡೂ ಬ್ಯಾಟರಿ ತುಂಬಿಸಿದರೆ ತಿಂಗಳಿಗೆ 65ರಿಂದ 70 ಯೂನಿಟ್ ಏರುತ್ತದೆ. ಹೆಚ್ಚಾದ ಯೂನಿಟ್ಟಿಗೆ ಬಿಲ್ ಬರುತ್ತದೆ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಫ್ರಿಜ್ಜು, ಗೀಸರು ಇರುವ ಮನೆಗೆ ಆ ಗೆರೆ ಬಹಳ ದೂರವೇನಿಲ್ಲ. ‘ಕರೆಂಟ್ ಫ್ರೀ, ಗಾಡಿನೂ ಫ್ರೀ’ ಅಂತ ಲೆಕ್ಕ ಹಾಕಿದವರು ಮೀಟರ್ ಕಡೆ ಒಮ್ಮೆ ನೋಡೋದು ಒಳ್ಳೇದು.

ಇನ್ನು ಎರಡನೇ ಬ್ಯಾಟರಿ. ನಮ್ಮವರು ಅದನ್ನು ಕೊಳ್ಳುವುದು ದೂರಕ್ಕೆ ಅಂತ. ‘ಅಣ್ಣಾ, ಬೇಲೂರಿಗೆ ಹೋಗಿ ಬರಬಹುದು’ ಅಂತಲೇ ತಮ್ಮನೂ ಶುರುಮಾಡಿದ್ದು. ಎಷ್ಟು ಸಲ ಹೋಗ್ತಾನೆ? ಮಿಕ್ಕ ದಿನ ಆಫೀಸು, ಮಾರ್ಕೆಟ್ಟು, ಮಗಳ ಸ್ಕೂಲು. ಅದಕ್ಕೆ ಒಂದು ಬ್ಯಾಟರಿ ಸಾಕು. ಎರಡನೆಯದರ ಅಸಲು ಉಪಯೋಗ ಬೇರೆ. ಒಂದು ಗಾಡಿಯಲ್ಲಿ ಓಡುತ್ತಿರುವಾಗ ಇನ್ನೊಂದು ಮನೆಯೊಳಗೆ ಚಾರ್ಜ್ ಆಗಬಹುದು. ಗಾಡಿ ನಿಲ್ಲುವ ಜಾಗ ಬೇರೆ, ಪ್ಲಗ್ ಇರುವ ಜಾಗ ಬೇರೆ ಆದರೂ ಕೆಲಸ ನಿಲ್ಲುವುದಿಲ್ಲ. ತೈವಾನಿನವರು ಇದನ್ನೇ ಊರಿಗೆಲ್ಲ ಸೇರಿ ಮಾಡಿಕೊಂಡಿದ್ದಾರೆ, ಅಷ್ಟೇ.

ಬೆಂಗಳೂರಿನ ಪಿಜಿ ಹುಡುಗರಿಗೆ ಇದು ನಿಜವಾದ ವರ. ಹೀರೋದ ವಿಡಾ ವಿ1 ಪ್ರೊದಲ್ಲಿ ಬಂದ ಎರಡೂ ಬ್ಯಾಟರಿಗಳನ್ನು ಹೊರಗೆ ತೆಗೆಯಬಹುದು. ಒಂದೊಂದೂ ಸುಮಾರು 11 ಕೆ.ಜಿ., ಅಂದರೆ ಹೆಚ್ಚು ಕಡಿಮೆ ಒಂದು ಕೊಡ ನೀರು. ಮೂರನೇ ಮಹಡಿಗೆ ಒಂದು ಕೊಡ ಹೊರಬಹುದು. ಎರಡು ಹೊರುವವರು ವಾರದಲ್ಲೇ ಬಿಟ್ಟುಬಿಡ್ತಾರೆ. ಹಾಗಾಗಿ ದಿನಕ್ಕೊಂದನ್ನೇ ಮೇಲೆ ಒಯ್ಯಿರಿ. ಗಾಡಿ ಒಂದೇ ಬ್ಯಾಟರಿಯಲ್ಲಿ ಓಡುತ್ತದಾ ಅಂತ ಮಾತ್ರ ಕೊಳ್ಳುವ ಮೊದಲೇ ಕೇಳಿ, ಎಲ್ಲಾ ಗಾಡಿಯೂ ಓಡುವುದಿಲ್ಲ.

ಎರಡನ್ನೂ ಒಟ್ಟಿಗೆ ಚಾರ್ಜಿಗೆ ಹಾಕುವ ಆಸೆಗೆ ಎಕ್ಸ್‌ಟೆನ್ಶನ್ ಬಾಕ್ಸ್ ತರಬೇಡಿ. ಒಂದು ಚಾರ್ಜರ್ 650 ವ್ಯಾಟ್ ಆದರೆ ಎರಡಕ್ಕೆ 1,300. ಅಷ್ಟು ಹೊತ್ತರೆ ಬಾಕ್ಸಿನ ಐದು ಆಂಪ್‌ನ ಪಿನ್ನು ತನ್ನ ಮಿತಿ ದಾಟಿದಂತೆ, ಅದೂ ಇಡೀ ರಾತ್ರಿ. ತಮ್ಮನ ಮನೆಯ ಬಿಳೀ ಬಾಕ್ಸಿನ ಒಂದು ತೂತಿನ ಸುತ್ತ ಕಂದು ಬಣ್ಣದ ಉಂಗುರ ಎದ್ದಿತ್ತು, ಪಿನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಈಗ ಗೋಡೆಗೇ ದೊಡ್ಡ ಪವರ್ ಪ್ಲಗ್ ಹಾಕಿಸಿದ್ದಾನೆ, ಅರ್ತಿಂಗ್ ಕೂಡ ನೋಡಿಸಿದ್ದಾನೆ. ಬಳಸದ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಬಿಸಿಲು ಬೀಳುವ ಕೋಣೆಯಲ್ಲಿ ಇಡುವುದೂ ಬೇಡ. ಲಿಥಿಯಂ ಬ್ಯಾಟರಿ ಸುಮ್ನೆ ಕೂತೇ ಬೇಗ ಸವೆಯುವುದು ಹಾಗೆ. ಅರ್ಧದಷ್ಟು ಚಾರ್ಜ್ ಇದ್ದರೆ ಸಾಕು.

ನನಗೆ ನಿಜಕ್ಕೂ ಭಯ ಇರುವುದು ಮೆಕ್ಯಾನಿಕ್ ಹತ್ತಿರ ಎರಡನೇ ಬ್ಯಾಟರಿ ‘ಫಿಟ್’ ಮಾಡಿಸುವವರ ಬಗ್ಗೆ. 60 ವೋಲ್ಟ್ ಅಂತ ಚೀಟಿ ಅಂಟಿಸಿದ ಎರಡು ಬ್ಯಾಟರಿ ಒಂದೇ ಅಲ್ಲ. ನಿಕಲ್ ಇರುವ 16 ಸೆಲ್‌ಗಳದ್ದು ತುಂಬಿದಾಗ 67.2 ವೋಲ್ಟ್. ಕಬ್ಬಿಣದ ಫಾಸ್ಫೇಟಿನ 20 ಸೆಲ್‌ಗಳದ್ದು 73. ಎರಡನೆಯದರ ಚಾರ್ಜರನ್ನು ಮೊದಲನೆಯದಕ್ಕೆ ಚುಚ್ಚಿದರೆ, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ಜಾತಿಯವಾದರೂ ಖಾಲಿ ಬ್ಯಾಟರಿಯನ್ನು ತುಂಬಿದ್ದರ ಜೊತೆ ನೇರವಾಗಿ ಜೋಡಿಸಬಾರದು. 67ರ ಎದುರು 54 ವೋಲ್ಟ್ ಇದ್ದು, ನಡುವಿನ ಪ್ರತಿರೋಧ 0.2 ಓಮ್ ಅಂದುಕೊಂಡರೂ ಆ ಕ್ಷಣಕ್ಕೆ 65 ಆಂಪಿಯರ್ ನುಗ್ಗುತ್ತದೆ. ಚಾರ್ಜರ್ ಕೊಡುವುದು ಹತ್ತರ ಆಸುಪಾಸು. 2022ರಲ್ಲಿ ಸ್ಕೂಟರ್‌ಗಳು ಹೊತ್ತಿಕೊಂಡ ಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತೆಯ ನಿಯಮವನ್ನು ಬಿಗಿ ಮಾಡಿತು. ಆ ಬಿಗಿ ಕಂಪನಿಯಲ್ಲಿ ತಯಾರಾಗುವ ಬ್ಯಾಟರಿಗೆ. ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೆ ಅದನ್ನು ನೋಡಲು ಯಾರೂ ಬರುವುದಿಲ್ಲ.

ತಮ್ಮನ ಎದುರುಮನೆಯವರು ಹಳೇ ಗಾಡಿಗೆ ಹೀಗೇ ಮಾಡಿಸಲು ಹೊರಟಿದ್ದರು. ಬೇಡ ಅಂದರೆ ಕೇಳುವವರಲ್ಲ. ಕಡೆಗೆ ನಾನು ಹೇಳಿದ್ದು ಇಷ್ಟು: ಒಂದು ಸಲಕ್ಕೆ ಒಂದೇ ಬ್ಯಾಟರಿ ಮೋಟಾರಿಗೆ ಸೇರುವಂತೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಗಾಡಿ ನಿಲ್ಲಿಸಿಯೇ ತಿರುಗಿಸಿ. ಚಾರ್ಜ್ ಮಾಡುವಾಗ ಎರಡನ್ನೂ ಗಾಡಿಯಿಂದ ಬಿಡಿಸಿ, ಅದರದರ ಚಾರ್ಜರಿಗೇ ಹಾಕಿ. ಈಗ ಅವರು ಎರಡು ಚಾರ್ಜರಿಗೂ ಬ್ಯಾಟರಿಯ ಕಡೆ ಬೇರೆ ಬೇರೆ ಪಿನ್ ಹಾಕಿಸಿದ್ದಾರೆ, ಅಪ್ಪಿತಪ್ಪಿಯೂ ಅದಲುಬದಲಾಗದ ಹಾಗೆ.