ಕಂಪ್ಯೂಟರ್ ಎಸೆಯಬೇಡಿ, ಡಿಸ್ಕ್ ಬದಲಾಯಿಸಿ

ಹತ್ತು-ಹನ್ನೆರಡು ವರ್ಷದ ಕಂಪ್ಯೂಟರ್ ಸ್ವಲ್ಪ ನಿಧಾನವಾದರೆ ಸಾಕು, "ಇದರ ಕಥೆ ಮುಗೀತು, ಹೊಸದು ತಗೊಳ್ಳಿ" ಅನ್ನುವವರೇ ಎಲ್ಲ. ಅಂಗಡಿಯವರು ಹೇಳಿದರೆ ಅರ್ಥ ಆಗುತ್ತದೆ, ಅವರದು ವ್ಯಾಪಾರ. ಆದರೆ ನೆಂಟರು, ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ, ಎಲ್ಲರೂ ಅದನ್ನೇ ಹೇಳುವುದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಪ್ರೊಸೆಸರ್ ಸರಿಯಿದೆ, ಮದರ್‌ಬೋರ್ಡ್ ಸರಿಯಿದೆ, ಮಾನಿಟರ್ ಸರಿಯಿದೆ. ಎಷ್ಟೋ ಸಲ ಸೋತಿರುವುದು ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಒಂದೇ. ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಫೈಲು ಇಡುವ ಡಿಸ್ಕ್, ಹಾಕಿ. ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ.

ತೀರ್ಥಹಳ್ಳಿ ಕಡೆ ನಮ್ಮ ಭಾವನ ಮನೆಯಲ್ಲಿ ಇಂಥದ್ದೇ ಒಂದು ಡೆಸ್ಕ್‌ಟಾಪ್ ಇದೆ. ಕೋರ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಡಿಕೆ ಲೆಕ್ಕ, ಕೂಲಿ ಲೆಕ್ಕ, ದೇವಸ್ಥಾನ ಸಮಿತಿಯ ನೋಟಿಸು, ಮಗಳ ಪ್ರಾಜೆಕ್ಟು, ಎಲ್ಲ ಅದರಲ್ಲೇ. ಬೆಳಿಗ್ಗೆ ಸ್ವಿಚ್ ಹಾಕಿ, ಕೊಟ್ಟಿಗೆ ಕೆಲಸ ಮುಗಿಸಿ ಬಂದರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಕಿವಿ ಕೊಟ್ಟು ಕೇಳಿದರೆ ಕ್ಯಾಬಿನೆಟ್ ಒಳಗಿಂದ ಟಕ್, ಟಕ್, ಆಮೇಲೆ ಗುಂಯ್ ಅಂತ ಒಂದು ಸದ್ದು, ಮತ್ತೆ ಟಕ್. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಮುಚ್ಚಳ ಕೂಡ ತೆಗೆಯದೆ ಹೊಸ ಮೆಷಿನ್ ರೇಟು ಬರೆದುಕೊಟ್ಟರಂತೆ. "ಎಂತ ಮಾರಾಯ, ಇದನ್ನ ಗುಜರಿಗೆ ಹಾಕೋದೇನಾ?" ಅಂತ ಭಾವ ಫೋನ್ ಮಾಡಿದರು. "ಭಾವ, ಮೊದಲು ಅದನ್ನ ಆಫ್ ಮಾಡಿ ಇಡಿ, ನಾನು ಬರ್ತೇನೆ" ಅಂದೆ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಓದುವ ತಲೆಯನ್ನು ಹೊತ್ತ ಒಂದು ತೋಳು ಆಚೆ ಈಚೆ ಓಡಾಡುತ್ತದೆ. ಬೇಕಾದ ಜಾಗ ಹುಡುಕಲು ಪ್ರತಿ ಸಲ ಸುಮಾರು 10 ಮಿಲಿಸೆಕೆಂಡ್ ಬೇಕು. ಕೇಳಲು ಕಡಿಮೆ ಅನಿಸುತ್ತದೆ, ಆದರೆ ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಬೇರೆ ಬೇರೆ ಜಾಗದಿಂದ ಎತ್ತಿಕೊಳ್ಳಬೇಕು. ಪ್ರತಿ ಮರಕ್ಕೂ ಕೆಳಗಿಳಿದು ಮತ್ತೆ ಹತ್ತುವ, ಅಡಿಕೆ ಕೊನೆ ಇಳಿಸುವ ಕೊನೆಗಾರನಿಗೂ, ಮೇಲಿಂದ ಮೇಲೆಯೇ ಪಕ್ಕದ ಮರಕ್ಕೆ ದಾಟುವವನಿಗೂ ಇರುವ ವ್ಯತ್ಯಾಸ ಇದು. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ, ಬರೀ ಚಿಪ್ಪುಗಳು. ಹುಡುಕಲು ಮಿಲಿಸೆಕೆಂಡಿನ ಒಂದು ಚೂರು ಸಾಕು.

ಅದಕ್ಕೇ "ನಿಮ್ಮ ಹಳೆ ಬೋರ್ಡಿನಲ್ಲಿ ಸಾಟಾ 2 ಇದೆ, ಎಸ್‌ಎಸ್‌ಡಿ ಹಾಕಿದರೆ ದಂಡ" ಅನ್ನುವ ಮಾತನ್ನು ನಂಬಬೇಡಿ. ಸಾಟಾ ಅಂದರೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಕೊಂಡಿ. ಸಾಟಾ 3 ಇದ್ದರೆ ಸೆಕೆಂಡಿಗೆ 550 ಎಂಬಿ ಹತ್ತಿರ ಹತ್ತಿರ ಬರುತ್ತದೆ, ಸಾಟಾ 2 ಆದರೆ ಅದರ ಅರ್ಧ, ನಿಜ. ಆದರೆ ದಿನನಿತ್ಯದ ಕೆಲಸದಲ್ಲಿ ಲಾಭ ಇರುವುದು ಹುಡುಕಾಟ ತಪ್ಪುವುದರಲ್ಲಿ. ಅದು ಹಳೆ ಬೋರ್ಡಿಗೂ ಪೂರ್ತಿ ಸಿಗುತ್ತದೆ.

ಭಾವನ ಡಿಸ್ಕ್ ಬರೀ ನಿಧಾನ ಅಲ್ಲ, ಸಾಯುತ್ತಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಎಲ್ಲರೂ ಒಮ್ಮೆ ಹಾಕಿ ನೋಡಿ. ನೀಲಿ ಇದ್ದರೆ ಸದ್ಯಕ್ಕೆ ಸರಿ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಕುರ್ಚಿ ಬಿಟ್ಟು ಏಳಿ. ಅದರಲ್ಲಿ 05 ಮತ್ತು ಸಿ5 ಅನ್ನುವ ಸಾಲುಗಳನ್ನು ಗಮನಿಸಿ. ಮೊದಲನೆಯದು ಹಾಳಾಗಿ ಬದಲಿ ಕೊಟ್ಟ ಜಾಗಗಳ ಲೆಕ್ಕ, ಎರಡನೆಯದು ಓದಲಾಗದೆ ಬಾಕಿ ಉಳಿದ ಜಾಗಗಳದ್ದು. ಇವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಡುವ ತಯಾರಿಯಲ್ಲಿದೆ ಅಂತ. ಸಿ7 ಏರುತ್ತಿದ್ದರೆ ಮಾತ್ರ ಗಾಬರಿ ಬೇಡ, ಹೆಚ್ಚಾಗಿ ಅದು ಕೇಬಲ್ ದೋಷ. ಕೇಬಲ್ ಬದಲಿಸಿದರೆ ಮುಗೀತು.

ಇನ್ನು ಕೈಮುಗಿದು ಹೇಳುವ ಮಾತು. ಡಿಸ್ಕ್ ಹೋಗುವ ಹಾಗಿದೆ ಅಂತ ಗೊತ್ತಾದ ಮೇಲೆ ಅದರ ಮೇಲೆ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡಿಸುವುದು, ಡಿಫ್ರಾಗ್ (ಚದುರಿದ ಫೈಲು ಒಟ್ಟುಗೂಡಿಸುವುದು) ಮಾಡುವುದು, ಆಂಟಿವೈರಸ್ ಸ್ಕ್ಯಾನ್ ಹಾಕುವುದು, ಇದ್ಯಾವುದೂ ಬೇಡ. ಹಾಳಾದ ಜಾಗ ಸಿಕ್ಕಿದರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಒದ್ದಾಡುತ್ತದೆ, ನೀವು ಕೊಟ್ಟ ಕೆಲಸದಿಂದಲೇ ಅದರ ಉಳಿದ ಉಸಿರೂ ಹೋಗಬಹುದು. ಮೊದಲು ಫೋಟೋ, ಲೆಕ್ಕದ ಫೈಲು, ಕಾಗದಪತ್ರದ ಸ್ಕ್ಯಾನ್, ಅಂದರೆ ಇನ್ನೆಲ್ಲೂ ಸಿಗದ ವಸ್ತು, ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಬೇಕು. ಸಿನಿಮಾ, ಹಾಡು ಕೊನೆಗೆ. ವಿಂಡೋಸ್‌ನಲ್ಲಿ ಕಾಪಿ ಮಾಡುವಾಗ ನಿಂತು ನಿಂತು ಹೋದರೆ, ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಪುಕ್ಕಟೆ ವ್ಯವಸ್ಥೆ) ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹಾಳಾದ ಡಿಸ್ಕಿನಿಂದ ಕಾಪಿ ಮಾಡಲೆಂದೇ ಇರುವ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಬರುವುದನ್ನು ಮೊದಲು ಎತ್ತಿಕೊಂಡು, ತಕರಾರಿನ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ ಹೇಳಿ. ಡಿಸ್ಕ್ ತಿರುಗುವುದೇ ನಿಂತಿದ್ದರೆ ಮಾತ್ರ ಸುಮ್ನೆ ಬಿಡಿ, ಅದು ಡೇಟಾ ರಿಕವರಿಯವರ ಕೆಲಸ, ಖರ್ಚೂ ಜಾಸ್ತಿ.

ಹಳೆಯದನ್ನು ಇದ್ದ ಹಾಗೇ ಕ್ಲೋನ್ ಮಾಡಿ ಹೊಸದಕ್ಕೆ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಆರೋಗ್ಯವಾಗಿರುವ ಡಿಸ್ಕಿಗೆ ಅದು ಸರಿ. ಹಾಳಾದ ಡಿಸ್ಕಿಗೆ ನನ್ನ ಮತ ಇಲ್ಲ. ಅರೆಬರೆ ಓದಿದ ಸಿಸ್ಟಮ್ ಫೈಲುಗಳೂ, ಹತ್ತು ವರ್ಷದ ಕಸವೂ ಜೊತೆಗೇ ಬರುತ್ತವೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಅದೇ ಆವೃತ್ತಿ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರು ಮರೆಯುವ ಒಂದು ವಿಷಯ ಇದೆ, ಹಳೆಯ ನುಡಿ, ಬರಹ ಫಾಂಟುಗಳು. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ದೇವಸ್ಥಾನ ಸಮಿತಿಯ ನೋಟಿಸು ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. "ಫೈಲ್ ಹಾಳಾಗಿದೆ!" ಅಂತ ಭಾವ ತಲೆ ಮೇಲೆ ಕೈ ಹೊತ್ತರು. ಹಾಳಾಗಿರಲಿಲ್ಲ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದಲ್ಲಿ ಬಳಕೆಗೆ ಬರುವ ಮೊದಲಿನ ಪದ್ಧತಿಯ ಫೈಲು, ಆ ಫಾಂಟ್ ಇಲ್ಲದೆ ಕನ್ನಡ ಕಾಣುವುದಿಲ್ಲ. ಹಳೆ ಡಿಸ್ಕಿನ ಫಾಂಟ್ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಂಡಿದ್ದೆ, ಹಾಕಿದ ಕೂಡಲೇ ರಥೋತ್ಸವದ ದಿನಾಂಕ ಸಮೇತ ಎಲ್ಲ ಬಂತು. ಡಿಟಿಪಿ ಅಂಗಡಿಯವರಿಗಂತೂ ಇದು ಜೀವನ್ಮರಣದ ಪ್ರಶ್ನೆ.

ಬಿಚ್ಚುವ ಕೆಲಸ ಹೆದರುವಂಥದ್ದೇನಲ್ಲ. ಭಾವನ ಕ್ಯಾಬಿನೆಟ್ ತೆಗೆದಾಗ ಫ್ಯಾನಿನ ಮೇಲೆ ಕಂಬಳಿಯ ಹಾಗೆ ಧೂಳು, ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪೆಟ್ಟಿಗೆ) ಪಕ್ಕ ಹಲ್ಲಿ ಮೊಟ್ಟೆಯ ಚಿಪ್ಪು, ಒಂದು ಮೂಲೆಯಲ್ಲಿ ಕೆಂಪು ಮಣ್ಣಿನ ಕಣಜದ ಗೂಡು. ಎಲ್ಲ ಬ್ರಷ್‌ನಲ್ಲಿ ಒರೆಸಿದ ಮೇಲೆ ಡಿಸ್ಕ್ ಕೈಗೆ ಸಿಕ್ಕಿತು. ಎಸ್‌ಎಸ್‌ಡಿ ಎರಡೂವರೆ ಇಂಚಿನದು, ಡೆಸ್ಕ್‌ಟಾಪಿನ ಜಾಗ ಮೂರೂವರೆ ಇಂಚಿನದು. ಮಧ್ಯೆ ಒಂದು ಬ್ರ್ಯಾಕೆಟ್ ಬರುತ್ತದೆ, ಸಿಗದಿದ್ದರೆ ಎರಡೂ ಕಡೆ ಅಂಟುವ ಟೇಪೇ ಸಾಕು, ತಿರುಗುವ ವಸ್ತು ಅಲ್ಲವಲ್ಲ. ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಹಾಕಿದ ಕೂಡಲೇ ಶುರುವಾಗುವ ಮೂಲ ಸೆಟ್ಟಿಂಗ್‌ನಲ್ಲಿ, ಡಿಸ್ಕಿನ ಮೋಡ್ ಎಎಚ್‌ಸಿಐ ಇದೆಯಾ ನೋಡಿ. ಇನ್‌ಸ್ಟಾಲ್ ಮಾಡುವಾಗ ಹಳೆ ಡಿಸ್ಕಿನ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬೂಟ್ ಆಗುವ ಭಾಗ ಅದರಲ್ಲೇ ಹೋಗಿ ಕೂತುಬಿಡಬಹುದು, ಆಮೇಲೆ ಹಳೆಯದನ್ನು ತೆಗೆದರೆ ಹೊಸದೂ ಏಳುವುದಿಲ್ಲ.

ಮುಗಿದ ಮೇಲೆ ಭಾವ ಸ್ವಿಚ್ ಹಾಕಿ, ಅಭ್ಯಾಸ ಬಲದಿಂದ ಎದ್ದು ಹೊರಟರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿತ್ತು. ಇನ್ನೊಂದು 4 ಜಿಬಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಹಾಕಿಸಿದ ಮೇಲೆ ಬ್ರೌಸರಿನ ಗೋಳೂ ತಪ್ಪಿತು.

ಆದರೆ ಒಂದು ತಕರಾರು ಇದೆ, ಮುಚ್ಚಿಡುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಒಂದು ಭದ್ರತಾ ಚಿಪ್ಪು) ಬೇಕು, ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಗಟ್ಟಿಮುಟ್ಟಾದ ಕಂಪ್ಯೂಟರುಗಳನ್ನು ಗುಜರಿಗೆ ತಳ್ಳುತ್ತಿರುವುದು ಈ ನಿಯಮವೇ ಹೊರತು ಅವುಗಳ ವಯಸ್ಸಲ್ಲ. ಬ್ರೌಸರ್, ಟೈಪಿಂಗ್, ಯೂಟ್ಯೂಬ್ ಅಷ್ಟೇ ಸಾಕು ಅನ್ನುವವರು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಕೆಜಿಪಿ, ಅಂದರೆ ನುಡಿಯ ಕನ್ನಡ ಕೀಲಿಮಣೆ, ಅದರಲ್ಲೂ ಸಿಗುತ್ತದೆ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬೇಕೇ ಬೇಕು ಅನ್ನುವವರಿಗೆ ಈ ದಾರಿ ಕಷ್ಟ.

ಕೊಳ್ಳುವಾಗ ಹೆಸರಿರುವ ಕಂಪನಿಯದು, ಬಿಲ್ಲು, ವಾರಂಟಿ ಸಮೇತ ತಗೊಳ್ಳಿ. ಆನ್‌ಲೈನಿನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ 2 ಟಿಬಿ ಅಂತ ಮಾರುವ ಹೆಸರಿಲ್ಲದ ಮಾಲುಗಳ ಒಳಗೆ ಎಷ್ಟೋ ಸಲ ಒಂದು ಮೆಮೊರಿ ಕಾರ್ಡ್ ಅಂಟಿಸಿರುತ್ತಾರೆ. ಕಂಪ್ಯೂಟರಿಗೆ 2 ಟಿಬಿ ಅಂತಲೇ ಸುಳ್ಳು ಹೇಳುತ್ತದೆ, ತುಂಬಿದ ಮೇಲೆ ಹಳೆ ಫೈಲಿನ ಮೇಲೆಯೇ ಬರೆಯುತ್ತದೆ.

ಎಸ್‌ಎಸ್‌ಡಿ ಅಮರ ಅಂತಲೂ ತಿಳಿಯಬೇಡಿ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಹೇಳಿಯಾದರೂ ಹೋಗುತ್ತದೆ, ಇದು ಒಂದು ಬೆಳಿಗ್ಗೆ ಬಯಾಸ್‌ನಲ್ಲಿ ಹೆಸರೇ ಇಲ್ಲದ ಹಾಗೆ ಮಾಯವಾಗಬಹುದು. ಅಳಿಸಿದ ಫೈಲನ್ನು ವಾಪಸ್ ತರುವುದೂ ಇದರಲ್ಲಿ ಬಹಳ ಕಷ್ಟ. ಬರೆಯುತ್ತಿರುವಾಗ ತಟಕ್ಕನೆ ಕರೆಂಟ್ ಹೋಗುವುದು ಅಗ್ಗದ ಎಸ್‌ಎಸ್‌ಡಿಗಳಿಗೆ ಒಳ್ಳೆಯದಲ್ಲ. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿ, ಆಗ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ. ಏಪ್ರಿಲ್-ಮೇ ಗುಡುಗು ಮಳೆಗೆ ಮಾತ್ರ ಯಾವ ಮೋಡೂ ಇಲ್ಲ, ಪ್ಲಗ್ ಕಿತ್ತಿಡಬೇಕು, ಇಂಟರ್‌ನೆಟ್ ವೈರ್ ಸಮೇತ.

ಬ್ಯಾಕಪ್‌ಗೆ ನನಗೆ ಈಗಲೂ ತಿರುಗುವ ಡಿಸ್ಕೇ ಇಷ್ಟ. ಟಿಬಿ ಲೆಕ್ಕದಲ್ಲಿ ಅಗ್ಗ. ಎಸ್‌ಎಸ್‌ಡಿ ವರ್ಷಗಟ್ಟಲೆ ಕರೆಂಟ್ ಕಾಣದೆ ಕಪಾಟಿನಲ್ಲಿ ಬಿದ್ದಿದ್ದರೆ ಚಿಪ್ಪಿನೊಳಗಿನ ಚಾರ್ಜ್ ನಿಧಾನವಾಗಿ ಸೋರುತ್ತದೆ, ತಿರುಗುವ ಡಿಸ್ಕಿಗೆ ಆ ತಾಪತ್ರಯ ಇಲ್ಲ. ಮಳೆಗಾಲದ ಥಂಡಿಯಿಂದ ಮಾತ್ರ ಕಾಪಾಡಬೇಕು. ಬಹಳಷ್ಟು ಹಾರ್ಡ್ ಡಿಸ್ಕ್‌ಗಳ ಮೈಮೇಲೆ ಒಂದು ಸಣ್ಣ ತೂತು ಇರುತ್ತದೆ, "ಮುಚ್ಚಬೇಡಿ" ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ, ಗಾಳಿ ಆಡುವುದು ಅದರ ಮೂಲಕ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಕೊನೆಗೆ ಆ ಸತ್ತ ಡಿಸ್ಕ್. ಹಾಗೇ ಗುಜರಿಗೆ ಕೊಡಬೇಡಿ, ಅದರಲ್ಲಿ ನಿಮ್ಮ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಇರುತ್ತದೆ. ಓದಲು ಬರುವ ಡಿಸ್ಕ್ ಆದರೆ ಪೂರ್ತಿ ಅಳಿಸಿ ಕೊಡಿ. ಇಲ್ಲದಿದ್ದರೆ ನಕ್ಷತ್ರದ ತಲೆಯ ಸ್ಕ್ರೂಡ್ರೈವರ್ ತಂದು ಬಿಚ್ಚಿ ತಟ್ಟೆಗಳನ್ನು ಗೀಚಿ, ಬಗ್ಗಿಸಿ. ಲ್ಯಾಪ್‌ಟಾಪಿನದಾದರೆ ತಟ್ಟೆ ಗಾಜಿನದಿರಬಹುದು, ಬಟ್ಟೆ ಸುತ್ತಿ ಒಡೆಯಿರಿ. ಒಳಗಿನ ಆಯಸ್ಕಾಂತ ಸಣ್ಣದಾದರೂ ಭಯಂಕರ ಶಕ್ತಿ, ಬೆರಳು ಜೋಪಾನ. ಭಾವನ ಮನೆಯಲ್ಲಿ ಅದು ಈಗ ಅಡುಗೆಮನೆಯ ಫ್ರಿಜ್ ಮೇಲೆ ಸೊಸೈಟಿಯ ರಶೀದಿಗಳನ್ನು ಹಿಡಿದುಕೊಂಡಿದೆ, ಕೀಳಬೇಕಾದರೆ ಅಕ್ಕ ಎರಡೂ ಕೈ ಹಾಕಬೇಕು.